ನೀರಿಗೆ ಕಲ್ಲು

ತಲೆತುಂಬ ಸೋಪಿನ ನೊರೆ.
ಷವರಿನಿಂದ ಇಳಿಯುತ್ತಿದ್ದದ್ದು ನೀರಲ್ಲ, ನೂಲು.
ಆಮೇಲೆ ಅದೂ ಇಲ್ಲ. ಹನಿ. ಹನಿ.
ಎಣಿಸಿ ಎಣಿಸಿ ಚಿಲ್ಲರೆ ಕೊಡುವ ಜಿಪುಣನ ಕೈ.

ಟವೆಲ್ಲು ಸುತ್ತಿ, ಕೋಟು ಹೊದ್ದು ಹೊರಗೆ ಬಂದೆ.
ಅರಿಜೋನಾದ ಜನವರಿ, ಬೆಳಗಿನ ಎಂಟು.
ಕಣ್ಣು ಹಾಯುವವರೆಗೆ ಕರಿ ನೊರಜುಗಲ್ಲಿನ ಹಾಸು, ಮುಳ್ಳುಪೊದೆ,
ಕೂಗಿದರೆ ಕೇಳುವ ದೂರದಲ್ಲಿ ಒಂದೇ ಒಂದು ವ್ಯಾನು.
ಅದರ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದ ಹಾಲಿಸ್
ನನ್ನ ತಲೆ ನೋಡಿದ. ನಗಲಿಲ್ಲ.
"ಪಂಪು ಸದ್ದು ಮಾಡ್ತಿದೆಯಾ, ಆರ್ಡಿತ್?"
ಮಾಡ್ತಿದೆ. ನಿದ್ದೆಯಲ್ಲಿ ಹಲ್ಲು ಕಡಿಯುವ ಹಾಗೆ, ಬಿಡದೆ.
"ಹಾಗಾದ್ರೆ ಸತ್ತಿಲ್ಲ. ಉಸಿರು ಕಟ್ಟಿದೆ."

ಹಡಗಿನ ಎಂಜಿನ್ ಕೋಣೆಯಲ್ಲಿ ಆಯಸ್ಸು ಸವೆಸಿದವನು.
ಮಂಡಿ ಎರಡೂ ಹೋಗಿವೆ, ಬಗ್ಗಲಾರ.
ಕುರ್ಚಿ ತಂದು ನನ್ನ ಬಾಗಿಲ ಹೊರಗೆ ಕೂತು ಅವನು ಹೇಳಿದ,
ಒಳಗೆ ಹೊಟ್ಟೆಯ ಮೇಲೆ ತೆವಳಿ ನಾನು ಮಾಡಿದೆ.

ಬ್ಯಾಟರಿ ನೋಡು. ಹನ್ನೆರಡೂವರೆ. ಅದರದೇನೂ ತಪ್ಪಿಲ್ಲ.
ಟ್ಯಾಂಕು? ಮೂರರಲ್ಲೊಂದು ಪಾಲಿದೆ ಅನ್ನುತ್ತೆ ದೀಪ.
ದೀಪದ ಮಾತು ನಂಬಬೇಡ, ಕಲ್ಲಂಗಡಿ ಬಡಿದ ಹಾಗೆ ಬಡಿದು ಕೇಳು.
ಬಡಿದೆ. ಪೊಳ್ಳು, ಪೊಳ್ಳು, ಕೆಳಗೆ ಗಟ್ಟಿ. ಇದೆ.
ಪಂಪಿನ ಮೂಗಿಗೆ ಸಿಕ್ಕಿಸಿದ ಜಾಲರಿ ಬಿಚ್ಚಿದರೆ
ಒಂದು ಚಿಟಿಕೆ ಮರಳು,
ಮತ್ತೆ, ಯಾವ ಕಾಲದಲ್ಲೋ ಯಾವ ಕಾರ್ಖಾನೆಯಲ್ಲೋ
ಟ್ಯಾಂಕಿಗೆ ತೂತು ಕೊರೆದವನು ಗುಡಿಸದೆ ಬಿಟ್ಟ
ಪ್ಲಾಸ್ಟಿಕ್ಕಿನ ಬಿಳಿ ಸುರುಳಿ.
ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಕೂರಿಸಿ ನಲ್ಲಿ ತಿರುಗಿಸಿದೆ.
ನೂಲು.

ನೀರಿಲ್ಲ ಅಂತ ಪರೀಕ್ಷಿಸಲೂ ನೀರು ಬೇಕು.
ಪ್ರತಿ ಸಲ ತಿರುಗಿಸುವಾಗ ಕೆಳಗೊಂದು ಪಾತ್ರೆ ಹಿಡಿದೆ.
ಮುಂದಿನ ನಲ್ಲಿ ಹದಿನೆಂಟು ಮೈಲಿ ಆಚೆ, ಅದಕ್ಕೂ ದುಡ್ಡು.

ನಲ್ಲಿಯ ಬಾಯಿ ಬಿಚ್ಚಿ ವಿನೆಗರಿನಲ್ಲಿ ನೆನೆಹಾಕಿದೆ,
ನುಚ್ಚಕ್ಕಿಯಂಥ ಸುಣ್ಣ ಉದುರಿತು.
ಅಷ್ಟರಲ್ಲಿ ತಲೆಯ ಸೋಪು ಒಣಗಿ
ಹಣೆಯನ್ನು ಹಿಂದಕ್ಕೆ ಎಳೆಯುತ್ತಿತ್ತು.
"ಹಡಗಲ್ಲಿ ಸುತ್ತ ಸಮುದ್ರ," ಅಂದ ಹಾಲಿಸ್,
"ಮೈಗೆ ಅರ್ಧ ಬಕೆಟ್ಟು."
ಮುಂದುವರಿಸಲಿಲ್ಲ. ನಾನೂ ಕೇಳಲಿಲ್ಲ.

"ಬಿಸಿದೂ ಸಣ್ಣಗೆ, ತಣ್ಣಗಿನದೂ ಸಣ್ಣಗೆ?"
ಎರಡೂ.
"ಅಡುಗೆಮನೆ, ಬಚ್ಚಲು?"
ಎರಡೂ.
"ಅಂದ್ರೆ ಕವಲೊಡೆಯೋಕೆ ಮುಂಚೆ ಎಲ್ಲೋ.
ಪಂಪಿಗೂ ಕವಲಿಗೂ ನಡುವೆ ಏನಿದೆ ನಿಂದು?"
ಮಂಚ, ಅಂದೆ.
ಅಂದ ಮೇಲೆ ಹೊಳೆಯಿತು.

ಹಲಗೆ ಎತ್ತಿದೆ. ನನ್ನ ಕಲ್ಲುಗಳು.
ನೆಬ್ರಾಸ್ಕಾದ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಊರೂರಿನ ವಿಳಾಸ ಓದಿ ಗೂಡುಗೂಡಿಗೆ ಹಾಕಿದವಳು,
ಈಗ ಯಾರ ಹೆಸರೂ ಇಲ್ಲದ್ದನ್ನೇ ಆರಿಸುತ್ತೇನೆ.
ಹಾಲಿನ ಕ್ರೇಟು ತುಂಬ ಜ್ಯಾಸ್ಪರು, ಅಗೇಟು, ಕಲ್ಲಾದ ಮರದ ಚೂರು.
ಮಂಗಳವಾರ ದಾರಿಯ ಕೊರಕಲಿನಲ್ಲಿ ಜಾರಿ
ಅಷ್ಟೂ ಭಾರ ಕೊಳವೆಯ ಕುತ್ತಿಗೆಯ ಮೇಲೆ ಕೂತಿತ್ತು.

ಪರರ ಅನ್ನಕ್ಕೆ ಕಲ್ಲು ಹಾಕುವವರುಂಟು.
ನಾನು ನನ್ನ ನೀರಿಗೇ ಹಾಕಿದ್ದೆ,
ಒಂದೊಂದನ್ನೂ ಆರಿಸಿ, ಒರೆಸಿ, ಬಿಸಿಲಿಗೆ ಹಿಡಿದು ನೋಡಿ.

ಕ್ರೇಟು ಎಳೆದೆ. ಚಪ್ಪಟೆಯಾದ ಕೊಳವೆ
ಕೂಡಲೇ ಏಳಲಿಲ್ಲ, ಬೆರಳಲ್ಲಿ ತೀಡಬೇಕಾಯಿತು.
ಪಂಪು ಒಮ್ಮೆ ಬಿಕ್ಕಿತು. ದನಿ ಏರಿತು.
ಥಟ್ಟನೆ ನಿಂತಿತು.
ಕೆಟ್ಟೇ ಹೋಯಿತು ಅಂದುಕೊಂಡೆ.
"ಕೇಳಿಸ್ತಾ?" ಹೊರಗಿನಿಂದ ಅವನು,
"ಆ ಸುಮ್ಮನಿರೋದು. ಅದೇ ಒತ್ತಡ."

ಷವರಿಗೆ ಹೋಗಲಿಲ್ಲ.
ಪಾತ್ರೆಯಲ್ಲಿ ಬೆಳಗಿನ ಪರೀಕ್ಷೆಗಳೆಲ್ಲ ಕೂಡಿ ಮೂರು ಲೋಟವಾಗಿತ್ತು.
ಬಾಗಿಲ ಬಳಿ ಬಗ್ಗಿ ಅದನ್ನೇ ಸುರಿದುಕೊಂಡೆ,
ವಿನೆಗರ್ ವಾಸನೆ, ಹಲ್ಲು ಕಟಕಟಿಸುವ ಚಳಿ.
ಜಾರಿದ ನೀರು ಕ್ರೇಟಿನ ಮೇಲೆ ಬಿತ್ತು.

ಒದ್ದೆಯಾದರಷ್ಟೇ ಬಣ್ಣ ಬಿಡುವ ಕಲ್ಲುಗಳು ಇವು.
ನೀರು ದಂಡವಾದೀತೆಂದು ಇಷ್ಟು ದಿನ
ನಾಲಿಗೆಯಿಂದ ನೆಕ್ಕಿ ನೋಡುತ್ತಿದ್ದೆ, ಒಂದೊಂದೇ ಮೂಲೆ.
ಈಗ ಎಲ್ಲ ಒಟ್ಟಿಗೆ: ಯಕೃತ್ತಿನ ಕೆಂಪು, ಸಾಸಿವೆಯ ಹಳದಿ,
ಹೆಸರಿಡಲಾಗದ ಒಂದು ಹಸಿರು.

"ಎಷ್ಟು ಬಿಟ್ಟು ಹೋಗ್ತೀಯ?" ಕೇಳಿದ ಹಾಲಿಸ್.
ಅರ್ಧ, ಅಂದೆ.
ಒಣಗಲಿ ತಾಳು, ಈಗ ಕೇಳಬೇಡ.